ಚಂದ್ರಲೋಕಕ್ಕೆ ಹೊರಟವರ ಹೆಸರು

ಹೆಸರಿಡದೆ ಕಥೆ ಬರೆಯಲಿಕ್ಕಾಗುವುದಿಲ್ಲ. ಹೆಸರಿಟ್ಟರೆ ನಮ್ಮ ಕಡೆ ನೆಮ್ಮದಿಯಿಂದ ಇರಲಿಕ್ಕಾಗುವುದಿಲ್ಲ. ಈ ಎರಡರ ನಡುವೆ ಸಿಕ್ಕು ನಾನು ಪಟ್ಟ ಫಜೀತಿ ಒಂದೆರಡಲ್ಲ, ಈಗಲೂ ಅದು ನಿಂತಿಲ್ಲ. ಮೊನ್ನೆ ಕಲಬುರಗಿಯ ಜೇವರ್ಗಿ ಕಾಲೋನಿಯ ಮಗಳ ಮನೆಗೆ ಹೋಗಿದ್ದೆ. ಮೊಮ್ಮಗಳು ಶಾಲೆಗೆಂದು ಒಂದು ಯಂತ್ರಮಾನವನ ಕಥೆ ಬರೆಯುತ್ತ ಕೂತಿದ್ದಳು. ಇದಕ್ಕೊಂದು ಹೆಸರು ಹೇಳು ಅಜ್ಜ ಅಂದಳು. ಹೇಳಿದೆ. ಚಹಾ ಕುಡಿಯುತ್ತಿದ್ದ ಪಕ್ಕದ ಮನೆಯವರು ಬಶಿ ಕೆಳಗಿಟ್ಟು, "ಅದು ಯಾರ ಪೈಕಿ ಹೆಸರ್ರಿ?" ಅಂದರು. ಕಬ್ಬಿಣದ ಮನುಷ್ಯನಿಗೂ ಬಿಡುಗಡೆ ಇಲ್ಲ.

ಹೀಗಾಗಿ ಇಲ್ಲಿ ನಾನು ಬದುಕಿದವರ ಹೆಸರನ್ನಾಗಲಿ ಸತ್ತವರ ಹೆಸರನ್ನಾಗಲಿ ಬರೆಯುವುದಿಲ್ಲ. ನನ್ನ ಕಥೆಯೊಳಗಿನವರ ಹೆಸರು ಮಾತ್ರ ಬರೆಯುತ್ತೇನೆ. ಅವರಿಗೆ ಮನೆ ಇಲ್ಲ, ಯಾರೂ ಬಂದು ಸುಡುವ ಭಯವಿಲ್ಲ.

೧. ಶರಣಪ್ಪ ಕೆಳಗೇ ಉಳಿದ

ಹೈದರಾಬಾದ್ ಸಂಸ್ಥಾನದ ಕೊನೆಯ ವರ್ಷಗಳು. ಕಮಲಾಪುರದ ಸರ್ಕಾರಿ ಶಾಲೆಯಲ್ಲಿ ನಾನು ಲೆಕ್ಕ ಮತ್ತು ಸೈನ್ಸ್ ಹೇಳುತ್ತಿದ್ದೆ. ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಅವ್ವನ ಜೊತೆ ಕನ್ನಡ, ಶಾಲೆಯಲ್ಲಿ ಉರ್ದು, ಬೈಯುವುದಿದ್ದರೆ ಎರಡೂ. ನಮ್ಮ ಮನೆಯ ಮಗ್ಗುಲಿಗೇ ಶಾಲೆಯ ಉರ್ದು ಮಾಸ್ತರರ ಮನೆ ಇತ್ತು. ತೆಳ್ಳಗೆ, ಉದ್ದಕ್ಕೆ, ಸಣ್ಣ ಗಡ್ಡ ಬಿಟ್ಟ ಮನುಷ್ಯ. ನಾನು ಬರೆದದ್ದನ್ನೆಲ್ಲ ತಿದ್ದಿಕೊಡುತ್ತಿದ್ದವರು ಅವರೇ. ನನ್ನ ವಾಕ್ಯ ಚೆನ್ನಾಗಿದ್ದರೆ ಅವರು ಏನೂ ಹೇಳುತ್ತಿರಲಿಲ್ಲ, ಕೆಟ್ಟದಾಗಿದ್ದರೆ ನಮ್ಮ ಅವ್ವನನ್ನು ಕರೆದು ಒಂದು ಲೋಟ ನೀರು ಕೇಳುತ್ತಿದ್ದರು.

ಆಗ ಉರ್ದು ಪತ್ರಿಕೆಗಳಲ್ಲಿ ಇಂಗ್ಲಿಷಿನಿಂದ ತಂದ ವಿಜ್ಞಾನದ ಅದ್ಭುತ ಕಥೆಗಳು ಬರುತ್ತಿದ್ದವು. ಚಂದ್ರನ ಮೇಲೆ ಹೋಗುವವರು, ಸಮುದ್ರದ ತಳ ಮುಟ್ಟುವವರು, ಮಂಗಳನ ಮೇಲಿನ ಪ್ರಾಣಿಗಳ ಜೊತೆ ಕುಸ್ತಿ ಆಡುವವರು. ನಾನು ಬಿಡದೆ ಓದುತ್ತಿದ್ದೆ. ಎಲ್ಲ ಕಥೆಯಲ್ಲೂ ಹೋಗುವವನು ಒಬ್ಬ ಬಿಳಿಯ ಸಾಹೇಬ. ನಮ್ಮಂಥ ಬಣ್ಣದವನು ಇದ್ದರೆ ಅವನು ಅಡಿಗೆಯವನು. ಅವನಿಗೆ ಹೆಸರೂ ಇರುತ್ತಿರಲಿಲ್ಲ, ಅರ್ಧದಾರಿಯಲ್ಲಿ ಸಾಯುತ್ತಿದ್ದ. ನನಗೆ ಸಿಟ್ಟು ಬಂತು. ನಮ್ಮೂರ ಕಡೆಯವನೇ ಒಬ್ಬ ಚಂದ್ರಲೋಕಕ್ಕೆ ಹೋಗಲಿ ಎಂದು ಒಂದು ಕಥೆ ಬರೆದೆ. ಕಲಬುರಗಿಯಲ್ಲಿ ಹತ್ತು ಮಂದಿಯನ್ನು ಕೂಗಿದರೆ ನಾಲ್ಕು ಮಂದಿ ತಿರುಗಿ ನೋಡುವ ಹೆಸರು ಶರಣಪ್ಪ. ನನ್ನ ವಿಜ್ಞಾನಿಗೆ ಅದನ್ನೇ ಇಟ್ಟೆ. ಅವನು ಗಾಳಿಯನ್ನು ತೊಗಲಿನ ಚೀಲದಲ್ಲಿ ತುಂಬಿಕೊಂಡು, ಲೋಹದ ಗಾಡಿಯಲ್ಲಿ ಕೂತು, ಊರ ಹೊರಗಿನ ಗುಡ್ಡದಿಂದ ಹಾರುತ್ತಾನೆ. ಗಾಡಿಯನ್ನು ಗುಡ್ಡದ ತನಕ ಎಳೆಯಲು ನಾಲ್ಕು ಎತ್ತು.

ಕಲಬುರಗಿಯ ಒಂದು ಉರ್ದು ವಾರಪತ್ರಿಕೆಯ ಸಂಪಾದಕರಿಗೆ ಕೊಡಲು ಹೋದೆ. ಅವರು ಕೆಟ್ಟವರೇನಲ್ಲ. ಕೂಡಿಸಿದರು, ಪಾನ್ ಕೊಟ್ಟರು, ಓದಿದರು. ಕಥೆ ಮೆಚ್ಚಿಕೆ ಆಯಿತಂತೆ. ಆದರೆ ಓದುಗರು ನಂಬುವುದಿಲ್ಲ ಅಂದರು. ಮನುಷ್ಯ ಚಂದ್ರನಿಗೆ ಹೋಗುವುದನ್ನೇನು ಎಂದು ಕೇಳಿದೆ. "ಅದನ್ನ ನಂಬ್ತಾರ ಮಾಸ್ತರ. ಶರಣಪ್ಪ ಹೋಗೋದನ್ನ ನಂಬಂಗಿಲ್ಲ" ಅಂದರು.

ಮುಂದಿನ ತಿಂಗಳು ಅಚ್ಚಾಯಿತು. ಚಂದ್ರನಿಗೆ ಹೋದವನು ಪ್ರೊಫೆಸರ್ ಶಹಾಬ್. ಅಷ್ಟೇ ಅಲ್ಲ, ಪ್ರೊಫೆಸರ್ ಶಹಾಬ್ ತಾನೇ ಹೋಗಿ ಬಂದು ತಾನೇ ಬರೆದದ್ದು ಅಂತ ಮೇಲೆ ದೊಡ್ಡಕ್ಷರದಲ್ಲಿ ಹಾಕಿದ್ದರು. ನನ್ನ ಹೆಸರು ಎಲ್ಲೂ ಇರಲಿಲ್ಲ. ಶರಣಪ್ಪನನ್ನು ಮಾತ್ರ ಪೂರ್ತಿ ತೆಗೆದಿರಲಿಲ್ಲ, ಅವನಿಗೂ ಒಂದು ಸಾಲು ಉಳಿದಿತ್ತು: "ಗಾಡಿ ಆಕಾಶಕ್ಕೆ ಹಾರಿತು. ಶರಣಪ್ಪ ಎತ್ತು ಹಿಡಿದುಕೊಂಡು ನೋಡುತ್ತ ನಿಂತ."

೨. ಎರಡು ಕೊಡ

ನಾನೇನೋ ಅಚ್ಚು ಹಾಕಿಸಿದ್ದೇನೆ ಅಂತ ಕಮಲಾಪುರದಲ್ಲಿ ಸುದ್ದಿಯಾಯಿತು. ಉರ್ದು ಬಾರದವರು ಅದನ್ನು ಕನ್ನಡದಲ್ಲಿ ಹೇಳು ಎಂದು ಗಂಟುಬಿದ್ದರು. ಒಂದು ದಿನ ಶಾಲೆ ಬಿಟ್ಟ ಮೇಲೆ ಕಟ್ಟೆಯ ಮೇಲೆ ಕೂತು ಹೇಳಿದೆ. ಹೇಳುವಾಗ ನನ್ನ ಶರಣಪ್ಪನನ್ನು ಮತ್ತೆ ಗಾಡಿ ಹತ್ತಿಸಿದೆ. ಅವನೊಬ್ಬನೇ ಹೋಗುವುದು ಬ್ಯಾಡ ಅನ್ನಿಸಿ ಜೊತೆಗೆ ಮಲ್ಲೇಶಿ ಎಂಬ ಕಮ್ಮಾರನನ್ನೂ ಗಾಳಿಚೀಲ ಹೊಲಿಯುವ ದುರ್ಗಪ್ಪನನ್ನೂ ಕಳಿಸಿದೆ. ತೊಗಲಿನ ಕೆಲಸ ಅಂದ ಮೇಲೆ ದುರ್ಗಪ್ಪ ಯಾವ ಕೇರಿಯವನು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಗಾಡಿ ಮೋಡ ದಾಟುವ ಮೊದಲೇ ಊರ ಹಿರಿಯರೊಬ್ಬರು ನಿಲ್ಲಿಸಿದರು. ಮೂವರಿಗೂ ಕುಡಿಯುವ ನೀರು ಎಲ್ಲಿದೆ ಎಂದು ಕೇಳಿದರು. ಒಂದು ತಾಮ್ರದ ಕೊಡ ಇದೆ ಎಂದೆ. ಒಂದೇ ಕೊಡವೇ ಎಂದರು. ಹೌದು ಎಂದೆ. ಸಭೆ ಗಂಭೀರವಾಯಿತು.

ಎರಡು ಕೊಡ ಇಡಬೇಕು ಎಂದು ಒಬ್ಬರು. ಎರಡು ಕೊಡ ಇಟ್ಟರೂ ಒಂದೇ ಗಾಡಿಯಲ್ಲಿ ತುಳುಕಿದರೆ ಹನಿ ಹಾರುತ್ತದೆ ಎಂದು ಇನ್ನೊಬ್ಬರು. ನಾನು ಸೈನ್ಸ್ ಮಾಸ್ತರ ಆದ್ದರಿಂದ, ಅಷ್ಟು ಎತ್ತರದಲ್ಲಿ ನೀರು ತುಳುಕುವ ರೀತಿಯೇ ಬೇರೆ, ಅದು ಉಂಡೆ ಉಂಡೆಯಾಗಿ ಗಾಳಿಯಲ್ಲಿ ತೇಲುತ್ತದೆ ಎಂದು ವಿವರಿಸಿದೆ. ಅದು ದೊಡ್ಡ ತಪ್ಪಾಯಿತು. ತೇಲುವ ಉಂಡೆ ಯಾರ ಕೊಡದ್ದು ಎಂದು ಗುರುತು ಹಿಡಿಯುವುದು ಹೇಗೆ ಎಂದು ಅರ್ಧ ತಾಸು ವಾದ ನಡೆಯಿತು. ಕಡೆಗೆ ದುರ್ಗಪ್ಪನಿಗೆ ಹಿಂದುಗಡೆ ಹಗ್ಗ ಕಟ್ಟಿ ಬೇರೊಂದು ಸಣ್ಣ ಗಾಡಿ ಮಾಡಬೇಕೆಂದು ತೀರ್ಮಾನವಾಯಿತು. ಅವನ ಗಾಡಿಗೆ ಗಾಳಿ ಯಾರು ಕೊಡಬೇಕು ಎಂಬುದು ತೀರ್ಮಾನವಾಗಲಿಲ್ಲ.

ಶಾಲೆಯ ಕಂಪೌಂಡಿನ ಹೊರಗೆ, ಬೇವಿನ ಮರದ ಕೆಳಗೆ, ಹೊಲದ ಕೆಲಸ ಮುಗಿಸಿ ಬಂದ ನಾಲ್ಕಾರು ಹೆಣ್ಣುಮಕ್ಕಳು ಪುಟ್ಟಿ ಇಳಿಸಿ ಕೇಳುತ್ತ ನಿಂತಿದ್ದರು. ಅವರು ದುರ್ಗಪ್ಪನ ಕೇರಿಯವರೇ. ಒಳಗೆ ಬರುವ ಹಾಗಿರಲಿಲ್ಲ. ಅವರಲ್ಲಿ ವಯಸ್ಸಾದವಳು ಒಬ್ಬಳು, ಒಂದು ಮಾತು ಕೇಳಲೇನು ಎಂದು ಹೊರಗಿನಿಂದಲೇ ಕೂಗಿದಳು. ಚಂದ್ರನ ಮೇಲೆ ಬಾವಿ ಅದೇನು ಎಂದಳು. ಇಲ್ಲ ಎಂದೆ. ಗುಡಿ? ಇಲ್ಲ. ಗೌಡರ ಮನಿ? ಅದೂ ಇಲ್ಲ, ಅಲ್ಲಿ ಯಾರೂ ಇಲ್ಲ ಎಂದೆ.

ಅವಳು ಪುಟ್ಟಿ ತಲೆಯ ಮೇಲೆ ಇಟ್ಟುಕೊಂಡಳು.

"ಹಂಗಾರ ಅದು ನಮಗ ಛಲೋ ಊರ ಅದ. ನೀವ್ಯಾಕ ಹೊಂಟೀರಿ ಅಲ್ಲಿಗಿ?"

೩. ಹುಕ್ಕಾದ ಪ್ರಶ್ನೆ

ಆಮೇಲಿನ ವರ್ಷ ಕೆಟ್ಟದ್ದು. ಖಾಕಿ ಅಂಗಿ ತೊಟ್ಟ, ಸರ್ಕಾರದ್ದೂ ಅಲ್ಲದ, ಸರ್ಕಾರ ಬೇಡವೆಂದೂ ಅನ್ನದ ದಂಡೊಂದು ಊರೂರು ತಿರುಗುತ್ತಿತ್ತು. ಹೆಸರು ಕೇಳುವುದೇ ಅವರ ಕೆಲಸ. ಹೆಸರು ಕೇಳಿದ ಮೇಲೆ ಏನು ಮಾಡುತ್ತಿದ್ದರು ಎಂಬುದನ್ನು ಸುಟ್ಟ ಊರುಗಳು ಹೇಳುತ್ತಿದ್ದವು.

ನಾನು, ಉರ್ದು ಮಾಸ್ತರರು ಶಾಲೆಯ ಕೆಲಸದ ಮೇಲೆ ಕಲಬುರಗಿಗೆ ಹೊರಟಿದ್ದೆವು. ಇದ್ದಿಲು ತುಂಬಿ ಓಡಿಸುವ ಬಸ್ಸು. ಆಗ ಸರ್ಕಾರಿ ಮಾಸ್ತರರೆಲ್ಲ ಶೇರ್ವಾನಿ ತೊಡಬೇಕಿತ್ತು, ಹಾಗಾಗಿ ಇಬ್ಬರೂ ಒಂದೇ ನಮೂನೆ ಕಾಣುತ್ತಿದ್ದೆವು. ನಮ್ಮ ಹಿಂದಿನ ಸೀಟಿನಲ್ಲಿ ಕಮಲಾಪುರದ ಮುದುಕ ಜವಳಿ ವ್ಯಾಪಾರಿ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ತಾಜಸುಲ್ತಾನಪುರದ ಹತ್ತಿರ ಬಸ್ಸು ನಿಲ್ಲಿಸಿದರು. ಬಂದೂಕು ಹಿಡಿದ ಇಬ್ಬರು ಹತ್ತಿದರು, ಕೆಳಗೆ ಇನ್ನೂ ಕೆಲವರಿದ್ದರು. ಮುಂದಿನಿಂದ ಒಬ್ಬೊಬ್ಬರನ್ನೇ ಹೆಸರು ಕೇಳುತ್ತ ಬಂದರು. ನನ್ನ ಹೆಸರಿನ ಹಿಂದೆ ಮುಂದೆ ಎಲ್ಲಿ ಹಿಡಿದರೂ ಅದು ನಾನು ಯಾರ ಪೈಕಿ ಎಂದು ಹೇಳಿಬಿಡುತ್ತಿತ್ತು.

ನನ್ನ ಸರದಿ ಬಂದಾಗ ಉರ್ದು ಮಾಸ್ತರರು ಎದ್ದು ನಿಂತು, ತುಂಬ ಮರ್ಯಾದೆಯಿಂದ, "ಇವರು ಪ್ರೊಫೆಸರ್ ಶಹಾಬ್" ಅಂದರು.

ಬಂದೂಕಿನ ಹುಡುಗನ ಮುಖ ಬದಲಾಯಿತು. "ಚಾಂದ್‌ವಾಲೇ ಶಹಾಬ್?" ಅಂದ. ಅವನು ಕಥೆ ಓದಿದ್ದ. ಅಷ್ಟೇ ಆಗಿದ್ದರೆ ಸರಿ, ಅವನು ಕಥೆಯನ್ನು ಲಕ್ಷ್ಯಗೊಟ್ಟು ಓದಿದ್ದ. ಅಂದಿನಿಂದ ತನಗೊಂದು ಸಂಶಯ ಉಳಿದಿದೆ, ಕೇಳಲೇ ಎಂದ. ಕೇಳು ಎನ್ನುವಂತೆ ತಲೆ ಆಡಿಸಿದೆ. ಚಂದ್ರನ ಮೇಲೆ ಗಾಳಿ ಇಲ್ಲ ಅಂತ ಒಂದು ಕಡೆ ಬರೆದಿದ್ದೀರಿ, ಮುಂದೆ ಇಳಿದ ಮೇಲೆ ಪ್ರೊಫೆಸರ್ ಬಂಡೆಯ ಮೇಲೆ ಕೂತು ಹುಕ್ಕಾ ಸೇದುತ್ತಾನೆ. ಗಾಳಿ ಇಲ್ಲದೆ ಕೆಂಡ ಹೇಗೆ ಉರಿಯಿತು?

ಹುಕ್ಕಾ ನಾನು ಬರೆದದ್ದಲ್ಲ. ಶಹಾಬ್‌ಗೆ ಒಂದು ಗತ್ತು ಬರಲಿ ಎಂದು ಸಂಪಾದಕರು ಸೇರಿಸಿದ್ದು. ಹಾಗೆಂದು ಹೇಳಿದರೆ ನಾನು ಶಹಾಬ್ ಅಲ್ಲವೆಂದಾಗುತ್ತಿತ್ತು. ನನಗೆ ಬರುವ ಉರ್ದುವಿನಲ್ಲೆಲ್ಲ ಶುದ್ಧವಾದದ್ದನ್ನು ಆರಿಸಿ, ತೊಗಲಿನ ಚೀಲದ ಒಂದು ನಳಿಗೆ ಪ್ರೊಫೆಸರರ ಮೂಗಿಗೆ, ಇನ್ನೊಂದು ಹುಕ್ಕಾದ ಕೆಂಡಕ್ಕೆ ಎಂದೆ. ಅವನು ಯೋಚಿಸಿದ. ಹಾಗಾದರೆ ಉಸಿರಿನ ಗಾಳಿ ಬೇಗ ಖರ್ಚಾಗುವುದಿಲ್ಲವೇ ಎಂದ. ಆಗುತ್ತದೆ, ಅದಕ್ಕೇ ಪ್ರೊಫೆಸರ್ ಬೇಗ ವಾಪಸು ಬಂದದ್ದು ಎಂದೆ. ಅವನು ನಕ್ಕು ಸಲಾಮು ಮಾಡಿದ. ಎರಡನೆಯ ಭಾಗದಲ್ಲಿ ಹುಕ್ಕಾ ಬೇಡ ಎಂದು ಹೇಳಿ ಹಿಂದಿನ ಸೀಟಿಗೆ ಹೋದ.

ಜವಳಿ ವ್ಯಾಪಾರಿಗೆ ಪ್ರಶ್ನೆ ಕೇಳಿಸಲಿಲ್ಲ. ಎರಡನೆಯ ಸಲ ಕೇಳಿದಾಗ, ಕಿವುಡರು ಹೇಳುವ ಹಾಗೆ ಇಡೀ ಬಸ್ಸಿಗೆ ಕೇಳುವಂತೆ, ತಮ್ಮ ಹೆಸರು, ತಂದೆಯ ಹೆಸರು, ಮನೆತನ ಎಲ್ಲ ಹೇಳಿದರು. ಅವರನ್ನು ಇಳಿಸಿದರು. ಗಂಟು ಸೀಟಿನ ಮೇಲೆಯೇ ಉಳಿಯಿತು. ಬಸ್ಸು ಹೊರಟಿತು. ಉರ್ದು ಮಾಸ್ತರರು ಕಲಬುರಗಿ ಬರುವ ತನಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಎರಡನೆಯ ಸಲ ಅಚ್ಚಾಗುವಾಗ ಹಠ ಹಿಡಿದು ಹುಕ್ಕಾ ತೆಗೆಸಿದೆ. ಲೇಖಕರು ಓದುಗರ ಮಾತು ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ ಅಂತ ಜನ ದೂರುತ್ತಾರೆ. ಓದುಗರ ಹೆಗಲಿಗೆ ಬಂದೂಕು ಇರುವುದಿಲ್ಲ, ಅದಕ್ಕೆ.

೪. ಅಡಿಕೆಯ ಲಿಂಗ

ಪೊಲೀಸ್ ಆ್ಯಕ್ಷನ್ ಆಯಿತು. ಸೈನ್ಯ ಬಂತು, ಸಂಸ್ಥಾನ ಮುಗಿಯಿತು, ಖಾಕಿ ದಂಡು ಅಂಗಿ ಕಳಚಿ ಎತ್ತಲೋ ಹೋಯಿತು. ಜನ ಬೀದಿಗೆ ಬಂದು ಪೇಢೆ ಹಂಚಿದರು. ನಾನೂ ತಿಂದೆ. ಆಮೇಲೆ ಸುತ್ತಲ ಹಳ್ಳಿಗಳಲ್ಲಿ ಕೊಡಲಿ ಹಿಡಿದ ಗುಂಪುಗಳು ಎದ್ದವು. ಇವರೂ ಹೆಸರೇ ಕೇಳುತ್ತಿದ್ದರು. ಯಾವ ಹೆಸರಿಗೆ ಬಿಡುವುದು, ಯಾವ ಹೆಸರಿಗೆ ಬಿಡದಿರುವುದು ಎಂಬುದಷ್ಟೇ ಅದಲುಬದಲಾಗಿತ್ತು.

ಉರ್ದು ಮಾಸ್ತರರ ಹೆಂಡತಿ ಮಕ್ಕಳು ಮೊದಲೇ ಕಲಬುರಗಿಯ ತವರಿಗೆ ಹೋಗಿದ್ದರು. ಅವರ ಅಣ್ಣ ಮಗ್ಗುಲ ಹಳ್ಳಿಯಲ್ಲಿದ್ದರು. ಮಾಸ್ತರರೊಬ್ಬರೇ ಮನೆಯಲ್ಲಿ ಬಾಗಿಲು ಹಾಕಿಕೊಂಡಿದ್ದರು. ನಮ್ಮ ಅವ್ವ ಹಿತ್ತಲ ಗೋಡೆಯ ಮೇಲಿಂದ ಅವರನ್ನು ಕರೆದಳು. ನಮ್ಮ ಮನೆಯೊಳಗೆ ಬಂದ ಕೂಡಲೇ ಗಡ್ಡ ತೆಗೆದುಬಿಡು ಎಂದಳು. ಅವರು ಗಡ್ಡ ಮುಟ್ಟಿಕೊಂಡು ನಿಂತರು. ನಾನೇ ಕತ್ತರಿ ತಂದೆ. ನನ್ನ ದೋತರ ಉಟ್ಟರು. ಅವ್ವ ಹಣೆಗೆ ವಿಭೂತಿ ಹಚ್ಚಿದಳು. ಕೊರಳಲ್ಲಿ ಲಿಂಗ ಇಲ್ಲವಲ್ಲ ಎಂದು ಹುಡುಕಾಡಿ, ಒಂದು ಗೋಟಡಿಕೆಯನ್ನು ಕೆಂಪು ಅರಿವೆಯಲ್ಲಿ ಸುತ್ತಿ ದಾರಕ್ಕೆ ಕಟ್ಟಿ ಹಾಕಿದಳು. ಯಾರಾದರೂ ಕೇಳಿದರೆ ನನ್ನ ತಮ್ಮನ ಮಗ ಎಂದು ಹೇಳುತ್ತೇನೆ, ನೀ ನಮ್ಮ ಪೈಕಿ ಒಂದು ಹೆಸರು ಹೇಳು ಸಾಕು, ಹೆಚ್ಚು ಮಾತಾಡಬೇಡ ಎಂದಳು. ಅವರಿಗೆ ಕನ್ನಡ ಬರುತ್ತಿತ್ತು, ಆದರೆ ಬಾಯಿ ತೆರೆದರೆ ಪ್ರತಿ ಮಾತಿಗೂ ಶೇರ್ವಾನಿ ತೊಡಿಸಿದ ಹಾಗೆ ಬರುತ್ತಿತ್ತು.

ಬೆಳಕು ಇರುವಾಗಲೇ ಹೊರಗಿನ ಹಳ್ಳಿಯ ಗುಂಪು ಬಂತು. ಮಗ್ಗುಲ ಮನೆಯ ಬಾಗಿಲು ಒಡೆದು ಯಾರೂ ಇಲ್ಲದ್ದನ್ನು ನೋಡಿ ನಮ್ಮ ಅಂಗಳಕ್ಕೆ ಬಂದರು. ಮುಂದೆ ನಿಂತವನು ಕೊಡಲಿ ಹಿಡಿದಿದ್ದ ದಪ್ಪ ಮನುಷ್ಯ. ಇವ ಯಾರು ಎಂದು ಕೇಳಿದ. ನನ್ನ ತಮ್ಮನ ಮಗ ಎಂದಳು ಅವ್ವ. ಅವನು ಮಾಸ್ತರರ ಎದುರಿಗೆ ಬಂದು ನಿಂತ.

"ಹೆಸರೇನು?"

"ಶರಣಪ್ಪ."

"ಏನ್ ಮಾಡ್ತಿ?"

ಇದನ್ನು ನಾವು ಯಾರೂ ಯೋಚಿಸಿರಲಿಲ್ಲ. ಮಾಸ್ತರರಿಗೆ ಗೊತ್ತಿದ್ದ ಶರಣಪ್ಪ ಒಬ್ಬನೇ. ಅವರು ಕಣ್ಣು ಮುಚ್ಚಿ ಹೇಳಿದರು: "ಎತ್ತ ಹಿಡ್ಕೊಂಡು ನಿಂದಿರ್ತೀನಿ."

"ಎಲ್ಲಿ?"

"ಚಂದ್..."

"ಚಂದನಕೇರಿಯಾಗ" ಎಂದು ನಾನು ಬಾಯಿ ಹಾಕಿದೆ.

ಹಿಂದಿನಿಂದ ಒಬ್ಬ, ಮಾತು ಯಾಕೋ ಬೇರೆ ಅದ, ದೋತರ ಬಿಚ್ಚಿಸಿ ನೋಡೋಣ ಅಂದ. ದಪ್ಪ ಮನುಷ್ಯ ಕೈ ಮುಂದೆ ಚಾಚಿದ. ಅವ್ವ ನಡುವೆ ಬಂದು ನಿಂತಳು. ಸುತ್ತಲ ಊರುಗಳಲ್ಲಿ ಬಾಣಂತನ ಮಾಡಿಸಿ ಹಣ್ಣಾದವಳು ಅವಳು. ಅವನ ಮುಖವನ್ನೇ ದಿಟ್ಟಿಸಿ ನೋಡಿದಳು. ದನಿ ಏರಿಸಲಿಲ್ಲ.

"ನಿಮ್ಮವ್ವ ಹಡಿವಾಗ ನಾನಿದ್ದೆ. ನಿನ್ನದೂ ನೋಡೀನಿ. ಹೇಳಲೇನು ಇವರೆಲ್ಲರ ಮುಂದ?"

ಅವನ ಜೊತೆಗೆ ಬಂದವರೇ ಮೊದಲು ನಕ್ಕರು. ಅವನ ಮುಖ ಕೆಂಪಾಯಿತು. ಚಾಚಿದ ಕೈಯಿಂದ ಮೀಸೆ ತಿರುವಿಕೊಂಡು, ನಡೀರಿ ನಡೀರಿ ಎಂದು ಎಲ್ಲರನ್ನೂ ಹೊರಡಿಸಿಕೊಂಡು ಹೋದ.

ಮಾಸ್ತರರು ಗೋಡೆಗೆ ಒರಗಿ ಕೂತಿದ್ದರು. ಕಡೆಗೆ ಅವ್ವ ಆ ಅಡಿಕೆ ಕೊಡು, ದೇವರ ಮುಂದೆ ಇಡುತ್ತೇನೆ ಎಂದಳು. ಮಾಸ್ತರರು ಕೊರಳು ಮುಟ್ಟಿ ನೋಡಿಕೊಂಡರು. ಬರಿಯ ಅರಿವೆ ಇತ್ತು. ಬಾಯಿ ಒಣಗಿ, ಹೆದರಿಕೆಯಲ್ಲಿ, ತಮಗೇ ತಿಳಿಯದೆ ಅವರು ಅದನ್ನು ಕಡಿದು ಜಗಿಯುತ್ತ ಕೂತಿದ್ದರು. ಅವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು. "ಏ ಯಪ್ಪಾ, ನಾವು ದೇವರನ್ನ ಪೂಜಿ ಮಾಡ್ತೀವಿ, ನೀ ತಿಂದೇ ಬಿಟ್ಟೆಲ್ಲೋ" ಅಂದಳು. ಅವರಿಗೆ ನಗು ಬಂತು, ನನಗೂ ಬಂತು, ಅವ್ವನೂ ನಕ್ಕಳು. ಮೂವರೂ ಹೊಟ್ಟೆ ಹಿಡಿದು ಕೂತು ನಕ್ಕೆವು.

ನಗು ನಿಲ್ಲುವ ಮೊದಲೇ ಮಗ್ಗುಲ ಹಳ್ಳಿಯಿಂದ ಬಂದವರು ಬಾಗಿಲಲ್ಲಿ ನಿಂತಿದ್ದರು. ಮಾಸ್ತರರ ಅಣ್ಣನನ್ನು ಅದೇ ದಿನ ಬೆಳಿಗ್ಗೆ ಹೊಲದ ದಾರಿಯಲ್ಲಿ ಹಿಡಿದರಂತೆ. ಹೆಸರು ಕೇಳಿದರಂತೆ. ಅವರು ತಮ್ಮ ಹೆಸರನ್ನೇ ಹೇಳಿದರಂತೆ.

ಈ ಪ್ರಸಂಗಕ್ಕೆ ಇದಕ್ಕಿಂತ ಒಳ್ಳೆಯ ಕೊನೆ ನನ್ನಲ್ಲಿ ಇಲ್ಲ.

೫. ಒಂದನೇ ನಂಬರ್ ಯಾರು?

ಎರಡು ಮೂರು ವರ್ಷ ಕಳೆಯಿತು. ಹೈದರಾಬಾದ್ ರಾಜ್ಯ ಇನ್ನೂ ಇತ್ತು, ಆದರೆ ಶಾಲೆಗಳಲ್ಲಿ ಕನ್ನಡ ಬಂತು. ನಾನು ಉರ್ದುವಿನಲ್ಲಿ ಕಲಿತ ಸೈನ್ಸನ್ನು ಕನ್ನಡದಲ್ಲಿ ಹೇಳಲು ತಡವರಿಸುತ್ತಿದ್ದೆ. ಉರ್ದು ಮಾಸ್ತರರಿಗೆ ಪಾಠ ಕಡಿಮೆಯಾಗಿ ಡ್ರಾಯಿಂಗ್ ಕೊಟ್ಟರು. ಚಿತ್ರಕ್ಕೆ ಭಾಷೆ ಇಲ್ಲ, ಆದ್ದರಿಂದ ಯಾರೂ ತಕರಾರು ಮಾಡುವುದಿಲ್ಲ ಎನ್ನುತ್ತಿದ್ದರು. ಗಡ್ಡ ಮತ್ತೆ ಬಿಡಲಿಲ್ಲ.

ಕಲಬುರಗಿಯ ಪೇಟೆಯಲ್ಲಿ, ಈಗ ಸೂಪರ್ ಮಾರ್ಕೆಟ್ ಅನ್ನುವ ಕಡೆ, ಒಬ್ಬರು ಕನ್ನಡ ಪುಸ್ತಕದ ಅಂಗಡಿ ತೆರೆದರು. ಮಕ್ಕಳಿಗಾಗಿ ನನ್ನ ಚಂದ್ರಲೋಕದ ಕಥೆಯನ್ನು ಕನ್ನಡದಲ್ಲಿ ಹಾಕುವ ಆಸೆ ಅವರಿಗೆ. ಬರೆದು ಒಯ್ದೆ. ನನಗೆ ಆ ಹೊತ್ತಿಗೆ ಶಹಾಬ್‌ನ ಜೊತೆ ಸಲಿಗೆ ಬಂದಿತ್ತು. ಅವನಿಂದ ನಾನು ಬದುಕಿ ಉಳಿದವನು. ಅದಕ್ಕೆ ಪುಸ್ತಕದಲ್ಲಿ ಶಹಾಬ್, ಶರಣಪ್ಪ ಇಬ್ಬರನ್ನೂ ಒಂದೇ ಗಾಡಿಯಲ್ಲಿ ಕೂಡಿಸಿದ್ದೆ. ಮಕ್ಕಳಿಗೆ ಹಿಡಿಸಲೆಂದು ಚಂದ್ರನ ಮೇಲೆ ಒಬ್ಬ ರಾಕ್ಷಸನನ್ನೂ ಇಟ್ಟಿದ್ದೆ.

ಅಂಗಡಿಯವರು, ಅವರ ಅಳಿಯ, ಅಚ್ಚುಕೂಟದ ಮಾಲಕ ಎಲ್ಲ ಸೇರಿ ಓದಿದರು. ಶಹಾಬ್ ಈಗ ನಡೆಯುವುದಿಲ್ಲ, ಜಮಾನಾ ಬದಲಾಗಿದೆ ಎಂದರು. ವೆಂಕಟರಾವ್ ಎಂದು ಇಡಿ ಎಂದ ಅಳಿಯ. ಚಂದ್ರನ ಮೇಲೂ ಅವರೇ ಮೊದಲು ಹೋಗಬೇಕೇನು ಎಂದ ಅಚ್ಚುಕೂಟದವನು. ಹಾಗಾದರೆ ಬಸಲಿಂಗಪ್ಪ? ಈಗಾಗಲೇ ಒಬ್ಬ ಶರಣಪ್ಪ ಇದ್ದಾನೆ, ಇಬ್ಬರೂ ಅವರೇ ಆದರೆ ಬಾಕಿ ಮಂದಿ ಪುಸ್ತಕ ಕೊಳ್ಳುತ್ತಾರೇನು? ಹಣಮಂತ? ಯಾವ ಕೇರಿಯ ಹಣಮಂತ ಎಂದು ಕೇಳುತ್ತಾರೆ. ಮಧ್ಯಾಹ್ನದ ಊಟಕ್ಕೂ ಏಳದೆ ಕೂತರು. ನನಗೆ ಸಾಕಾಗಿ, ಹೆಸರೇ ಬೇಡ, ಒಂದನೇ ನಂಬರ್, ಎರಡನೇ ನಂಬರ್ ಅಂತ ಇಡೋಣ ಎಂದೆ. ಎಲ್ಲರಿಗೂ ಒಪ್ಪಿಗೆಯಾಯಿತು. ನಾನು ಚಪ್ಪಲಿ ಮೆಟ್ಟುವ ಹೊತ್ತಿಗೆ ಒಳಗಿನಿಂದ ಜಗಳ ಕೇಳಿಸಿತು. ಒಂದನೇ ನಂಬರ್ ಯಾರು ಎಂಬುದರ ಮೇಲೆ.

ಮರುವಾರ ಹೋದಾಗ ಅಂಗಡಿಯವರು ಹಿಗ್ಗಿನಿಂದ ಬರಮಾಡಿಕೊಂಡರು. ಸಮಸ್ಯೆ ಬಗೆಹರಿಯಿತಂತೆ. ಶಹಾಬ್ ಹೆಸರನ್ನು ತೆಗೆಯುವುದೇ ಬೇಡ, ಚಂದ್ರನ ಮೇಲೆ ಒಬ್ಬ ರಾಕ್ಷಸ ಬರುತ್ತಾನಲ್ಲ, ಅವನಿಗೆ ಇಡೋಣ ಎಂದರು. ಎಲ್ಲರಿಗೂ ಸರಿಹೋಗುತ್ತದೆ ಎಂದರು. ನನ್ನ ಹಾಳೆಗಳನ್ನು ಕೇಳಿ ಇಸಿದುಕೊಂಡು ಬಂದುಬಿಟ್ಟೆ.

ಉರ್ದು ಮಾಸ್ತರರಿಗೆ ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಟ್ಟೆ. ಅವರು ಒಂದು ಮಾವಿನಕಾಯಿಯ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದರು. ಅವರ ಹೆಂಡತಿಯ ತಮ್ಮಂದಿರು ಆ ವರ್ಷವೇ ದೇಶ ಬಿಟ್ಟು ಹೋಗಿದ್ದರು, ಕ್ಷೇಮಸಮಾಚಾರ ಬಂದಿರಲಿಲ್ಲ.

"ಹೋಗ್ಲಿ ಬಿಡ್ರಿ ಮಾಸ್ತರ. ಶಹಾಬ್ ಕರಾಚಿಗೆ ಹೋಗ್ಯಾನಂತ ಬರೀರಿ. ಚಂದ್ರಗಿಂತ ಅದೇ ದೂರ ಅದ."

೬. ಕೊಂಬು

ಪುಸ್ತಕವಾಗದ್ದು ನಾಟಕವಾದರೂ ಆಗಲಿ ಎಂದು ಕಮಲಾಪುರದ ಶಾಲೆಯ ವಾರ್ಷಿಕೋತ್ಸವಕ್ಕೆ ಅದನ್ನೇ ಎತ್ತಿಕೊಂಡೆ. ಚಂದ್ರನಿಗೆ ಹೋಗುವ ಪಾತ್ರಕ್ಕೆ ಎಲ್ಲ ಮಕ್ಕಳೂ ಮುಂದೆ ಬಂದರು. ನಾಟಕದಲ್ಲಿ ಅವರಿಗೆ ಅವರವರ ಹೆಸರೇ ಇಟ್ಟೆ. ಆ ಹೆಸರನ್ನು ಇಟ್ಟ ಅಪ್ಪ ಅವ್ವ ನನ್ನ ಮೇಲೆ ತಕರಾರು ಮಾಡುವ ಹಾಗಿರಲಿಲ್ಲ. ರಾಕ್ಷಸನ ಪಾತ್ರಕ್ಕೆ ಮಾತ್ರ ಯಾರೂ ಸಿಗಲಿಲ್ಲ. ಯಾರ ಮಗನನ್ನು ಕೇಳಿದರೂ, ನಮ್ಮವನನ್ನೇ ಯಾಕೆ ಆರಿಸಿದಿರಿ ಎಂದು ಮನೆಯವರು ಬಂದರು. ಎಲ್ಲ ಮಂದಿಯ ಮನೆಯಿಂದಲೂ ಬಂದರು. ಅಷ್ಟರ ಮಟ್ಟಿಗೆ ಊರಿನಲ್ಲಿ ಒಗ್ಗಟ್ಟಿತ್ತು.

ಉರ್ದು ಮಾಸ್ತರರು, ನಾನೇ ಮಾಡುತ್ತೇನೆ ಎಂದರು. ನಾನು ಬೇಡವೆಂದೆ. ಅವರು ಕೇಳಲಿಲ್ಲ. ಮಾತಿಲ್ಲದ ಪಾತ್ರ, ಗರ್ಜನೆ ಮಾಡುವುದಷ್ಟೇ; ಗರ್ಜನೆಗೆ ಯಾವ ಭಾಷೆಯ ವಾಸನೆಯೂ ಬರುವುದಿಲ್ಲ ಎಂದರು. ಗೋಣಿಚೀಲಕ್ಕೆ ಹಸಿರು ಬಣ್ಣ ಬಳಿದು ತಾವೇ ಅಂಗಿ ಮಾಡಿಕೊಂಡರು.

ಕೊಂಬು ಬೇಕಿತ್ತು. ಸತ್ತ ಎಮ್ಮೆಯ ಕೊಂಬು ತಮ್ಮ ಮನೆಯಲ್ಲಿದೆ ಎಂದು ಒಬ್ಬರು ನಾಟಕದ ದಿನ ಸಂಜೆಗೆ ಮುಂಚೆ ತಂದುಕೊಟ್ಟರು. ನೋಡಿದರೆ ಅವತ್ತು ಕೊಡಲಿ ಹಿಡಿದು ಬಂದಿದ್ದ ದಪ್ಪ ಮನುಷ್ಯ. ಈಗ ಮುಖಂಡರಾಗಿದ್ದರು, ಬಿಳಿ ಟೊಪ್ಪಿಗೆ ಬಂದಿತ್ತು. ಕೊಂಬನ್ನು ಮಾಸ್ತರರ ತಲೆಗೆ ಕಟ್ಟುವುದು ನಮಗೆ ಯಾರಿಗೂ ಸರಿಯಾಗಿ ಬರಲಿಲ್ಲ. ಮುಖಂಡರೇ ಹಗ್ಗ ಕೈಗೆ ತೆಗೆದುಕೊಂಡು, ಮಾಸ್ತರರ ಎದುರಿಗೆ ನಿಂತು, ಗದ್ದದ ಕೆಳಗೆ ಗಂಟು ಹಾಕಿದರು. ಮಾಸ್ತರರು ಕಣ್ಣು ಮುಚ್ಚಿ ನಿಂತಿದ್ದರು. ಬಿಗಿಯಾಯಿತೇ ಎಂದು ಮುಖಂಡರು ಮೆಲ್ಲಗೆ ಕೇಳಿದರು. ಇಲ್ಲ ಎಂದು ಮಾಸ್ತರರು ತಲೆ ಆಡಿಸಿದಾಗ ಕೊಂಬೂ ಆಡಿತು.

ನಾಟಕ ಚೆನ್ನಾಗಿ ಆಯಿತು. ರಾಕ್ಷಸ ಗರ್ಜಿಸಿದಾಗ ಮುಂದೆ ಕೂತ ಸಣ್ಣ ಮಕ್ಕಳು ಅತ್ತರು. ಹೊಸದಾಗಿ ಬಂದಿದ್ದ ಶಾಲಾ ತಪಾಸಣೆಯ ಸಾಹೇಬರು ಮುಖ್ಯ ಅತಿಥಿ. ಅವರು ಬೇರೆ ಕಡೆಯವರು, ಇಲ್ಲಿಯ ಯಾರನ್ನೂ ಅರಿಯದವರು, ತುಂಬ ಒಳ್ಳೆಯ ಮನುಷ್ಯ. ಪರದೆ ಬೀಳುವ ಮೊದಲೇ ಸಂತೋಷ ತಡೆಯದೆ ವೇದಿಕೆ ಹತ್ತಿ ಬಂದರು. ಮಕ್ಕಳ ಬೆನ್ನು ತಟ್ಟಿದರು. ಆಮೇಲೆ ರಾಕ್ಷಸನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡು, ಬಹಳ ಚೆನ್ನಾಗಿ ಮಾಡಿದಿರಿ ಎಂದರು. ಇಡೀ ಊರು ನೋಡುತ್ತಿತ್ತು. ಮುಖಂಡರು ಮುಂದಿನ ಸಾಲಿನಲ್ಲಿ ಹಾರ ಹಿಡಿದು ಕೂತಿದ್ದರು.

"ತಮ್ಮ ಹೆಸರೇನು?" ಎಂದರು ಸಾಹೇಬರು.

ಸಾಹೇಬರು ಇನ್ನೊಮ್ಮೆ ಕೇಳಿದರು. ಕಿವಿ ಕೇಳಿಸಲಿಲ್ಲವೇನೋ ಎಂದು ಜೋರಾಗಿಯೇ ಕೇಳಿದರು. ಮಾಸ್ತರರು ಒಮ್ಮೆ ನನ್ನ ಕಡೆ ನೋಡಿದರು, ಒಮ್ಮೆ ಮುಂದಿನ ಸಾಲಿನ ಕಡೆ ನೋಡಿದರು. ಆಮೇಲೆ ಸಾಹೇಬರ ಕೈಯಿಂದ ತಮ್ಮ ಕೈ ಬಿಡಿಸಿಕೊಂಡು, ಕೊಂಬಿನ ಸಮೇತ ಬಗ್ಗಿ, ಕೈ ಜೋಡಿಸಿ ಕೇಳಿದರು:

"ಮೊದಲ ತಮ್ಮ ಹೆಸರ ಹೇಳ್ರಿ ಸಾಹೇಬ್ರ. ಅದನ್ನ ಕೇಳಿ, ಆಮ್ಯಾಲೆ ನಂದು ಏನಂತ ಹೇಳ್ತೀನಿ."

ನಾಟಕ ಇನ್ನೂ ನಡೆಯುತ್ತಿದೆ ಎಂದುಕೊಂಡು ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಸಾಹೇಬರು ಕಣ್ಣೊರೆಸಿಕೊಂಡು ನಕ್ಕರು. ಇಂಥ ಹಾಸ್ಯ ತಾವು ಎಲ್ಲೂ ನೋಡಿಲ್ಲ, ಈ ಮಾತನ್ನು ಪ್ರತಿ ವರ್ಷವೂ ಇಟ್ಟುಕೊಳ್ಳಬೇಕು ಎಂದು ನನಗೆ ಅಪ್ಪಣೆ ಮಾಡಿದರು.